ವಕೀಲರ ಕಾರಿನ ಬ್ರೇಕು

ಓಡುವ ಗುಣವನ್ನು ಕೊಂಡಾಡಿದಷ್ಟು ನಿಲ್ಲುವ ಗುಣವನ್ನು ಮನುಷ್ಯನು ಎಂದೂ ಕೊಂಡಾಡಿದವನಲ್ಲ. ಜಾತ್ರೆಯ ದಿನ ತೇರಿನ ಹಗ್ಗ ಹಿಡಿದು ಎಳೆಯುವವರು ನೂರಾರು ಮಂದಿ. ಅವರ ಉತ್ಸಾಹವನ್ನು ಕಣ್ತುಂಬ ನೋಡುವವರು ಸಾವಿರಾರು ಮಂದಿ. ಆದರೆ ಗಾಲಿಗಳ ಪಕ್ಕದಲ್ಲಿ ಬಾಗಿ ನಡೆಯುತ್ತ, ಸಮಯವರಿತು ಮರದ ತುಂಡನ್ನು ಅಡ್ಡಕೊಟ್ಟು ಅಷ್ಟು ದೊಡ್ಡ ತೇರನ್ನು ನಿಲ್ಲಿಸುವ ನಾಲ್ಕಾರು ಜನರ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ. ಅವರ ಕೈ ಒಂದು ಕ್ಷಣ ತಪ್ಪಿದರೆ ಮಾತ್ರ ಅವರ ನೆನಪಾಗುತ್ತದೆ. ಮೋಟಾರು ಕಾರಿನ ಬ್ರೇಕಿನ ಭಾಗ್ಯವೂ ಹೆಚ್ಚುಕಡಮೆ ಇಂಥದೇ. ನೆರೆಮನೆಯವರು ಕಾರು ಕೊಂಡರೆಂದು ತಿಳಿದೊಡನೆ "ಎಷ್ಟು ಓಡುತ್ತದೆ?" ಎಂದು ಕೇಳುವವರುಂಟು, "ಲೀಟರಿಗೆ ಎಷ್ಟು ಮೈಲೇಜು?" ಎಂದು ಕೇಳುವವರು ಇನ್ನೂ ಹೆಚ್ಚು. "ಎಷ್ಟು ಮಾರಿನಲ್ಲಿ ನಿಲ್ಲುತ್ತದೆ?" ಎಂದು ಕೇಳಿದ ಅತಿಥಿಯನ್ನು ಕಂಡ ಮನೆಗಳು ವಿರಳ.

ನಿಂಬೆಗೆ ಹೆಸರಾದ ಇಂಡಿಯಲ್ಲಿರುವ ವಕೀಲರೊಬ್ಬರ ಮನೆಯಲ್ಲಿ ಈ ಪ್ರಶ್ನೆ ಎದ್ದದ್ದು ತೀರ ಅನಿವಾರ್ಯವಾದಾಗ. ಅವರಲ್ಲಿ ಫಿಯಟ್ ಕಂಪನಿಯ ಪಾಲಿಯೋ ಗಾಡಿಯೊಂದಿದೆ. 2001ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಈ ಕಾರಿಗೆ ಆಗ ಸಚಿನ್ ತೆಂಡೂಲ್ಕರರೇ ಪ್ರಚಾರಕರು. ಅವರ ಗುರುತಾಗಿ ಎಸ್10 ಎಂಬ ಆವೃತ್ತಿಯೂ ಬಂದಿತ್ತು. ವಕೀಲರದು 1.6 ಲೀಟರಿನ, ಸುಮಾರು 100 ಅಶ್ವಶಕ್ತಿಯ ಎಂಜಿನ್ನಿನ ಗಾಡಿ. ಇದನ್ನು ಪಂದ್ಯದ ಕಾರೆಂದು ಕರೆದರೆ ಇಟಲಿಯವರು ನಕ್ಕಾರು. ಆದರೆ ಸಣ್ಣ ಒಡಲಿನಲ್ಲಿ ಅಷ್ಟು ದೊಡ್ಡ ಎಂಜಿನ್ನು ಕುಳಿತ ಗಾಡಿ ಆ ಕಾಲದ ವಿಜಾಪುರ ಜಿಲ್ಲೆಯ ರಸ್ತೆಗಳಲ್ಲಿ ಎಷ್ಟಿದ್ದವು? ಸೊಲ್ಲಾಪುರದ ಹೆದ್ದಾರಿಗೆ ಏರಿದೊಡನೆ ವಕೀಲರ ಬೆನ್ನು ನೆಟ್ಟಗಾಗುತ್ತಿತ್ತು. ಕೋರ್ಟಿನಲ್ಲಿ ಸೋತ ದಾವೆಗಳೆಲ್ಲ ಹಿಂದೆ ಉಳಿಯುತ್ತಿದ್ದುವು. ಇಪ್ಪತ್ತು ವರ್ಷ ಕಳೆದರೂ ಅವರ ಮಟ್ಟಿಗೆ ಅದು ಪಂದ್ಯದ ಕುದುರೆಯೇ. ಫಿಯಟ್ ಹೆಸರಿನ ಹೊಸ ಕಾರುಗಳು ದೇಶದ ಅಂಗಡಿಗಳಿಂದ ಮರೆಯಾದ ಮೇಲಂತೂ ಆ ಪ್ರೀತಿಗೆ ಸ್ವಲ್ಪ ವಿರಹದ ಬಣ್ಣವೂ ಬಂದಿತ್ತು.

ಇಂಥ ಕಾರನ್ನು ಅವರು ಮಗಳಿಗೆ ಕೊಡಲು ಒಪ್ಪಿದರೆಂದರೆ ಅದರ ಹಿಂದೆ ಬಲವಾದ ಕಾರಣವೇ ಇರಬೇಕಷ್ಟೆ. ಮಗಳನ್ನು ಕೊಟ್ಟದ್ದು ಬಸವನ ಬಾಗೇವಾಡಿಗೆ. ಅವಳಿಗೆ ಮುದ್ದೇಬಿಹಾಳದಲ್ಲಿ ಅಧ್ಯಾಪಕಿಯ ಕೆಲಸ ಸಿಕ್ಕಿತು. ದಿನವೂ ಹೋಗಿಬರಬೇಕು, ಬಸ್ಸಿನ ವೇಳೆಗೂ ತರಗತಿಯ ವೇಳೆಗೂ ಹೊಂದಿಕೆಯಿಲ್ಲ, ಜೊತೆಗೆ ಚಿಕ್ಕವನನ್ನು ಶಾಲೆಗೆ ಬಿಡಬೇಕು. ವಕೀಲರ ಪತ್ನಿ ಒಂದು ರಾತ್ರಿ ಊಟದ ಹೊತ್ತಿನಲ್ಲಿ, "ನಿಮ್ಮ ಗಾಡಿ ಅಂಗಳದಾಗ ಹೊದಿಕಿ ಹೊದ್ದು ಮಲಗೇದ. ಮಗಳು ಬಸ್‌ಸ್ಟ್ಯಾಂಡಿನಾಗ ನಿಂತಾಳ. ಹೆಂಗ ಚಂದ ಕಾಣತದರಿ?" ಎಂದರು. ಇದಕ್ಕೆ ವಕೀಲರ ಬಳಿ ಪ್ರತಿವಾದವಿರಲಿಲ್ಲ.

ಆದರೆ ಗಾಡಿಗೆ ಒಂದು ದೋಷವಿತ್ತು. ವೇಗದಲ್ಲಿದ್ದಾಗ ಬ್ರೇಕು ತುಳಿದರೆ ಪೆಡಲು ಕಾಲಿನ ಕೆಳಗೆ ಮಿಡಿಯುತ್ತಿತ್ತು, ಸ್ಟೇರಿಂಗು ಚಳಿಜ್ವರ ಬಂದವರ ಕೈಯಂತೆ ನಡುಗುತ್ತಿತ್ತು. ವಕೀಲರು ಇದಕ್ಕೆ ಎರಡು ವರ್ಷಗಳಿಂದ ಒಗ್ಗಿಕೊಂಡಿದ್ದರು. ಸ್ವಂತ ಗಾಡಿಯ ರೋಗ ಸ್ವಂತ ಮಂಡಿಯ ನೋವಿನಂತೆ. ಅದರೊಡನೆ ಬದುಕುವುದನ್ನು ಮನುಷ್ಯ ಕಲಿತುಬಿಡುತ್ತಾನೆ. ಮಗಳು ಕುಳಿತು ಓಡಿಸುವಳೆಂದಾಗ ಮಾತ್ರ ಅದೇ ನಡುಕ ಬೇರೆಯಾಗಿ ಕಂಡಿತು.

ಕಾರಿನ ಬ್ರೇಕಿನ ರಚನೆ ಓದುಗರಲ್ಲಿ ಹಲವರಿಗೆ ತಿಳಿದಿರಬಹುದು. ತಿಳಿಯದವರಿಗೆ ಎರಡು ಮಾತು. ಮುಂದಿನ ಗಾಲಿಯ ಒಳಗೆ ಬೀಡುಕಬ್ಬಿಣದ ಒಂದು ತಟ್ಟೆ ಗಾಲಿಯೊಡನೆಯೇ ತಿರುಗುತ್ತಿರುತ್ತದೆ, ಇದೇ ಡಿಸ್ಕು. ಅದರ ಎರಡು ಮಗ್ಗುಲಿಗೆ ಎರಡು ಬಿಲ್ಲೆಗಳು, ಇವು ಪ್ಯಾಡುಗಳು. ಪೆಡಲನ್ನು ಒತ್ತಿದಾಗ ಕೊಳವೆಯಲ್ಲಿರುವ ಬ್ರೇಕ್ ಆಯಿಲಿನ ಒತ್ತಡದಿಂದ ಕ್ಯಾಲಿಪರು ಎಂಬ ಹಿಡಿಕೆ ಈ ಬಿಲ್ಲೆಗಳನ್ನು ತಟ್ಟೆಗೆ ಅದುಮುತ್ತದೆ. ರೊಟ್ಟಿಯನ್ನು ಎರಡು ಬೆರಳುಗಳಿಂದ ಹಿಡಿದಂತೆ, ಅಷ್ಟೆ. ಹಿಂದಿನ ಗಾಲಿಗಳಲ್ಲಿ ಇಂಥ ಹಳೆಯ ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ ಡ್ರಮ್ಮು ಇರುತ್ತದೆ. ಗಾಡಿ ನಿಲ್ಲುವಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ದುಡಿಮೆಯ ಬಹುಪಾಲು ಮುಂದಿನ ಡಿಸ್ಕುಗಳ ಮೇಲೆಯೇ ಬೀಳುತ್ತದೆ.

ಈ ತಟ್ಟೆಯ ಕಥೆ ಸ್ವಾರಸ್ಯವಾದದ್ದು. ಇಂಗ್ಲೆಂಡಿನ ಫ್ರೆಡೆರಿಕ್ ಲ್ಯಾಂಚೆಸ್ಟರ್ ಎಂಬ ಶಿಲ್ಪಿ 1902ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದಿದ್ದ. ಲೋಕ ಅದನ್ನು ಅರ್ಧ ಶತಮಾನ ಮರೆತಿತ್ತೆಂದರೂ ತಪ್ಪಾಗದು. 1953ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ಎಂಬಲ್ಲಿ ನಡೆದ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯದಲ್ಲಿ ಡನ್‌ಲಪ್ ಕಂಪನಿಯ ಡಿಸ್ಕ್ ಬ್ರೇಕು ತೊಟ್ಟ ಜಾಗ್ವಾರ್ ಕಾರು ಗೆದ್ದಿತು. ಗಂಟೆಗೆ 100 ಮೈಲಿಗೂ ಮೀರಿದ ಸರಾಸರಿ ವೇಗ ಆ ಪಂದ್ಯದಲ್ಲಿ ಅದೇ ಮೊದಲು. ಗೆದ್ದ ಗುಟ್ಟು ಓಟ ಒಂದರಲ್ಲಿಯೇ ಇರಲಿಲ್ಲ. ಡ್ರಮ್ಮಿನ ಬ್ರೇಕಿದ್ದ ಎದುರಾಳಿಗಳು ತಿರುವಿಗೆ ಬಹು ದೂರದಿಂದಲೇ ವೇಗ ಇಳಿಸಬೇಕಾಗುತ್ತಿತ್ತು. ಜಾಗ್ವಾರಿನವರು ಇನ್ನೂ ಹತ್ತಿರ ಹೋಗಿ ಇಳಿಸಬಲ್ಲವರಾಗಿದ್ದರು. ಚೆನ್ನಾಗಿ ನಿಲ್ಲಬಲ್ಲದ್ದೇ ಚೆನ್ನಾಗಿ ಓಡಬಲ್ಲದು ಎಂದು ಅಂದು ತಿಳಿಯಿತು. 1955ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಕಂಪನಿ ತನ್ನ ಡಿಎಸ್ ಕಾರಿಗೆ ಇದನ್ನು ಕೊಟ್ಟು ಸಂಸಾರಸ್ಥರ ಮನೆಬಾಗಿಲಿಗೂ ತಂದಿತು. ಭಾರತದ ಅಂಬಾಸಡರು, ಪದ್ಮಿನಿಗಳು ಆಮೇಲೂ ಬಹುಕಾಲ ಡ್ರಮ್ಮಿನ ಮೇಲೆಯೇ ನಡೆದುವು. ಮಳೆಗಾಲದಲ್ಲಿ ಹಳ್ಳ ದಾಟಿದ ಮೇಲೆ ಡ್ರಮ್ಮು ಒಣಗುವತನಕ ದೇವರ ಮೇಲೆ ಭಾರ ಹಾಕಿದ ಹಿರಿಯರು ಇಂದಿಗೂ ಇದ್ದಾರೆ.

ಇನ್ನು ವಕೀಲರ ವ್ಯಾಜ್ಯಕ್ಕೆ ಬರೋಣ. ಡಿಸ್ಕು ಕೆಟ್ಟಿದೆಯೆಂಬ ಸುದ್ದಿ ಹಬ್ಬಿದೊಡನೆ ಸಲಹೆಗಳು ಬಂದುವು. ಮೊದಲನೆಯದು ನೆರೆಯವರದು: ಲೇತಿಗೆ ಕೊಟ್ಟು ಡಿಸ್ಕನ್ನು ಸವರಿಸಿದರೆ ಹೊಸದರಂತಾಗುತ್ತದೆ, ಖರ್ಚೂ ಅಲ್ಪ. ಎರಡನೆಯದು ಪುಣೆಯಲ್ಲಿರುವ ಸೋದರಳಿಯನದು. ಅವನು ಫೋನಿನಲ್ಲಿ ಚಿತ್ರಗಳನ್ನೇ ಕಳಿಸಿದ: ಮೈತುಂಬ ರಂಧ್ರ ಕೊರೆದ, ಗೀರುಗಳನ್ನು ಕೊರೆದ ಥಳಥಳಿಸುವ ಡಿಸ್ಕುಗಳು, ಜೊತೆಗೆ ಪಂದ್ಯದವರು ಬಳಸುವ ಪ್ಯಾಡು. "ಮಾಮಾ, ಗಾಲಿಯ ಸಂದಿಯೊಳಗಿಂದ ಕಂಡರ ಗಾಡಿಯ ಗತ್ತೇ ಬ್ಯಾರೆ" ಎಂದು ಒಕ್ಕಣೆ. ಮೂರನೆಯದು ಬಜಾರಿನದು: ಹೆಸರಿಲ್ಲದ ಪೆಟ್ಟಿಗೆಯ ಪ್ಯಾಡು, ಕಾಲು ಬೆಲೆಗೆ.

ನಿಜ ಹೇಳಬೇಕೆಂದರೆ ವಕೀಲರ ಮನಸ್ಸು ಎರಡನೆಯದರ ಮೇಲೆ ಹೋಗಿತ್ತು. ಆ ಚಿತ್ರವನ್ನು ಅವರು ಕೋರ್ಟಿನ ಬಿಡುವಿನಲ್ಲಿ ಮೂರು ಸಲ ತೆಗೆದು ನೋಡಿದರು. ಪತ್ನಿ ಮಾತ್ರ, "ಗಾಲಿಯ ಸಂದ್ಯಾಗ ಬಗ್ಗಿ ನೋಡವರು ಯಾರರಿ?" ಎಂದು ಕೇಳಿ ಒಳಗೆ ಹೋದರು.

ಸಿಂದಗಿಯಲ್ಲಿ ವಕೀಲರು ನಂಬಿದ ಮಿಸ್ತ್ರಿಯೊಬ್ಬನಿದ್ದಾನೆ. ಅವನ ಗ್ಯಾರೇಜು ದೊಡ್ಡದಲ್ಲ: ಬೇವಿನ ಮರದ ನೆರಳು, ಒಂದು ತಗಡಿನ ಮಾಡು, ಒಂದು ಜಾಕು. ಆದರೆ ಬಿಚ್ಚಿದ ನಟ್ಟುಗಳನ್ನು ಅವನು ಗಾಲಿವಾರು ಬೇರೆ ಬೇರೆ ಬಟ್ಟಲಲ್ಲಿ ಇಡುತ್ತಾನೆ. ಮಿಸ್ತ್ರಿಯನ್ನು ಅಳೆಯಲು ಇದಕ್ಕಿಂತ ಬೇರೆ ಪರೀಕ್ಷೆ ಬೇಡ. ಗಾಲಿ ಕಳಚಿದ ಮೇಲೆ ವಕೀಲರು ತಮ್ಮ ಸಿದ್ಧತೆಯನ್ನು ಹೊರತೆಗೆದರು. ಡಿಸ್ಕಿನ ಅಂಚಿನಲ್ಲಿಯೋ ನಡುಗಿಂಡಿಯ ಬಳಿಯಲ್ಲಿಯೋ ಅದು ಎಷ್ಟು ತೆಳುವಾಗುವವರೆಗೆ ಬಳಸಬಹುದೆಂಬ ಅಂಕೆಯನ್ನು ಸಾಮಾನ್ಯವಾಗಿ ಮೂಡಿಸಿರುತ್ತಾರೆ. ತುಕ್ಕು ಒರೆಸಿ ಅದನ್ನು ಓದಿಕೊಂಡರು. ಆಮೇಲೆ ಇಂಜಿನಿಯರ್ ಗೆಳೆಯನಿಂದ ತಂದ ವರ್ನಿಯರನ್ನು ಡಿಸ್ಕಿಗೆ ಕಚ್ಚಿಸಿ ದಪ್ಪ ಅಳೆದರು. ಕನಿಷ್ಠಕ್ಕಿಂತ ಒಂದು ಮಿಲಿಮೀಟರಿಗೂ ಹೆಚ್ಚು! ಲೇತಿಗೆ ಕೊಟ್ಟರೆ ಸಾಕೆಂದು ವಿಜಯದ ಧ್ವನಿಯಲ್ಲಿ ನುಡಿದರು.

ಮಿಸ್ತ್ರಿ ಕೈ ಒರೆಸಿಕೊಂಡು, "ವಕೀಲ ಸಾಹೇಬ್ರ, ಎರಡು ರೊಕ್ಕ ಕೊಡ್ರಿ" ಎಂದ. ವಕೀಲರು ಎರಡು ನಾಣ್ಯ ಕೊಟ್ಟರು. ಅವೆರಡರ ದಪ್ಪವನ್ನು ಮೊದಲು ಅಳೆದು ನೆಲದ ಮೇಲೆ ಸೀಮೆಸುಣ್ಣದಿಂದ ಬರೆದ. ಬಳಿಕ ಡಿಸ್ಕಿನ ಆಚೆಗೊಂದು ಈಚೆಗೊಂದು ನಾಣ್ಯವನ್ನು ಪ್ಯಾಡು ಉಜ್ಜುವ ಜಾಗದಲ್ಲಿ ಒತ್ತಿಹಿಡಿದು, ನಾಣ್ಯಗಳ ಮೇಲೆ ವರ್ನಿಯರು ಕಚ್ಚಿಸಿ ಅಳೆದ. ನಾಣ್ಯಗಳ ದಪ್ಪವನ್ನು ಕಳೆದ. ಈಗ ಬಂದ ಅಂಕೆ ಕನಿಷ್ಠಕ್ಕಿಂತ ಮಿಲಿಮೀಟರಿನ ಹತ್ತರಲ್ಲಿ ಮೂರು ಪಾಲು ಕಡಮೆ.

ಕಾರಣ ಸರಳ. ಪ್ಯಾಡು ಡಿಸ್ಕಿನ ಅಂಚಿನ ತುದಿಯವರೆಗೆ ಮುಟ್ಟುವುದಿಲ್ಲ. ಉಜ್ಜಿದ ಭಾಗ ಸವೆದು ತಗ್ಗಾಗುತ್ತದೆ. ಅಂಚು ಸವೆಯದೆ ತಟ್ಟೆಯ ಕಂಠದಂತೆ ಎದ್ದು ನಿಲ್ಲುತ್ತದೆ. ವರ್ನಿಯರಿನ ನೆಟ್ಟನೆಯ ದವಡೆ ಆ ಕಂಠವನ್ನು ಕಚ್ಚಿ ಅದರ ದಪ್ಪವನ್ನು ಹೇಳುತ್ತದೆ, ತಗ್ಗಿನದನ್ನಲ್ಲ. "ಸಾಕ್ಷಿ ಸುಳ್ಳು ಹೇಳಿಲ್ಲರಿ, ಸಾಹೇಬ್ರ. ನೀವು ಕೇಳಿದ ಪ್ರಶ್ನೆ ಬ್ಯಾರೆ ಇತ್ತು" ಎಂದ ಮಿಸ್ತ್ರಿ. ಇಪ್ಪತ್ತೆಂಟು ವರ್ಷ ಪಾಟೀಸವಾಲು ನಡೆಸಿದ ವಕೀಲರು ಬೇವಿನ ಮರದ ಕಡೆಗೆ ನೋಡಿದರು.

ಮಿಲಿಮೀಟರಿನ ಮೂರು ಪಾಲಿಗೆ ಇಷ್ಟು ಗದ್ದಲವೇಕೆ ಎಂದು ಗೃಹಿಣಿಯರು ಕೇಳಬಹುದು. ಇದರ ಲೆಕ್ಕ ಅಡುಗೆಮನೆಯದೇ. ಬ್ರೇಕು ಮಾಡುವ ಕೆಲಸವೆಂದರೆ ಗಾಡಿಯ ವೇಗವನ್ನು ಶಾಖವನ್ನಾಗಿ ಮಾಡಿ ಗಾಳಿಗೆ ತೂರುವುದು, ಬೇರೇನೂ ಅಲ್ಲ. ಜನರೂ ಸಾಮಾನೂ ಸೇರಿ 1200 ಕಿಲೋ ತೂಗುವ ಗಾಡಿ ಗಂಟೆಗೆ 80 ಕಿಲೋಮೀಟರ್ ವೇಗದಿಂದ ಪೂರ್ತಿ ನಿಂತರೆ ಹುಟ್ಟುವ ಶಾಖ ಒಂದು ಲೀಟರು ತಣ್ಣೀರನ್ನು ಕುದಿಬರಿಸಲು ಸಾಕು. ಒಲೆಯ ಮೇಲೆ ಅದೇ ನೀರು ಕುದಿಯಲು ನಾಲ್ಕೈದು ನಿಮಿಷ ಬೇಕು. ಇಲ್ಲಿ ಮೂರು ನಾಲ್ಕು ಸೆಕೆಂಡಿನೊಳಗೆ ಅಷ್ಟೂ ಶಾಖ ಹುಟ್ಟಿ, ಬಹುಪಾಲು ಎರಡು ಕಬ್ಬಿಣದ ತಟ್ಟೆಗಳ ಪಾಲಿಗೆ ಬರುತ್ತದೆ. ತೆಳುವಾದ ಹಂಚು ಬೇಗ ಕಾದು ರೊಟ್ಟಿ ಸೀಯುವಂತೆ ತೆಳುವಾದ ಡಿಸ್ಕೂ ಬೇಗ ಕಾಯುತ್ತದೆ. ಅತಿಯಾಗಿ ಕಾದ ಪ್ಯಾಡಿನ ಹಿಡಿತ ಸಡಿಲುತ್ತದೆ. ಅದೂ ಸಾಲದೆಂಬಂತೆ ಶಾಖ ಬ್ರೇಕ್ ಆಯಿಲಿಗೂ ಏರುತ್ತದೆ. ವೇಗ ಇಮ್ಮಡಿಯಾದರೆ ಶಾಖ ನಾಲ್ಮಡಿ ಎಂಬುದನ್ನು ಶಾಲೆಯ ಮಕ್ಕಳೂ ಬಲ್ಲರು, ಹೆದ್ದಾರಿಯ ಮೇಲೆ ದೊಡ್ಡವರು ಮರೆಯುತ್ತಾರೆ. ಒಳ್ಳೆಯ ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕಿನಿಂದ, 40ರ ವೇಗದ ಗಾಡಿ ತುಳಿದ ಮೇಲೆ ಸುಮಾರು 9 ಮೀಟರಿನಲ್ಲಿ ನಿಂತರೆ 80ರ ವೇಗದ್ದಕ್ಕೆ 36 ಮೀಟರು ಬೇಕು. ಕಣ್ಣು ಕಂಡು ಕಾಲು ತುಳಿಯುವ ಒಂದು ಸೆಕೆಂಡಿನಲ್ಲಿ ಓಡಿದ 22 ಮೀಟರು ಬೇರೆ.

ಹೀಗೆ ಲೇತಿನ ಸಲಹೆ ವಜಾ ಆಯಿತು. ದಪ್ಪ ಉಳಿದಿದ್ದರೆ ಸವರಿಸುವುದು ತಪ್ಪೇನೂ ಅಲ್ಲ. ಪೆಡಲಿನ ಮಿಡಿತಕ್ಕೆ ಮೂಲ ಬಹುಮಟ್ಟಿಗೆ ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮವಿಲ್ಲದಿರುವುದೇ ಆದ್ದರಿಂದ ನುರಿತ ಕೈಯ ಲೇತು ಅದನ್ನು ಸರಿಪಡಿಸಬಲ್ಲದು. ಆದರೆ ಸವೆದದ್ದನ್ನು ಇನ್ನಷ್ಟು ಸವೆಸುವುದು ಸಾಲ ತೀರಿಸಲು ಸಾಲ ಮಾಡಿದಂತೆ.

ಇನ್ನು ಸೋದರಳಿಯನ ರಂಧ್ರದ ಡಿಸ್ಕು. ಅದರ ಪರವಾಗಿ ಹೇಳುವುದಿಲ್ಲವೆಂದಲ್ಲ. ಹಿಂದಿನ ಕಾಲದ ಪ್ಯಾಡುಗಳು ಕಾದಾಗ ಅನಿಲ ಬಿಡುತ್ತಿದ್ದುವು. ಅದು ಹೊರಹೋಗಲೆಂದು ರಂಧ್ರ ಕೊರೆಯುವ ಪದ್ಧತಿ ಪಂದ್ಯಗಳಲ್ಲಿ ಬಂದಿತು. ನೀರು ಚೆಲ್ಲಿಹೋಗುವುದಕ್ಕೂ ಅನುಕೂಲ. ಆದರೆ ಕೊರೆದಷ್ಟು ಕಬ್ಬಿಣ ಕಡಮೆ, ಅಷ್ಟು ಶಾಖ ಹಿಡಿಯುವ ಶಕ್ತಿಯೂ ಕಡಮೆ. ಕಾದು ತಣಿದು ಕಾದು ತಣಿದು ರಂಧ್ರಗಳ ಬಾಯಿಂದ ಬಿರುಕು ಹುಟ್ಟುವುದುಂಟು. ಸಾಲದ್ದಕ್ಕೆ ಇದು ಎರೆಭೂಮಿ. ಡೋಣಿ ನದಿಯ ಆಚೀಚೆಯ ಕರಿಮಣ್ಣು ಮಳೆಗೆ ನೆನೆದರೆ ಚಪ್ಪಲಿಯನ್ನೇ ಬಿಡದು, ಡಿಸ್ಕಿನ ರಂಧ್ರವನ್ನು ಬಿಟ್ಟೀತೆ? ಮಿಸ್ತ್ರಿ ಚಿತ್ರವನ್ನು ನೋಡಿ, "ಚಲೋ ಅದಾವರಿ. ತೊಳಿಯಾಕ ಒಂದು ಹುಡುಗನ್ನ ಇಟ್ಟಗೊಳ್ರಿ" ಎಂದಷ್ಟೆ ಹೇಳಿದ.

ಪಂದ್ಯದ ಪ್ಯಾಡಿನ ವಿಷಯ ಇನ್ನೂ ಗಂಭೀರವಾದದ್ದು. ಓದುಗರು ಇದನ್ನು ಮನಸ್ಸಿಟ್ಟು ಕೇಳಬೇಕು. ದುಬಾರಿಯಾದದ್ದೆಲ್ಲ ಹೆಚ್ಚು ಸುರಕ್ಷಿತವೆಂಬ ಭಾವನೆ ನಗರವಾಸಿಗಳಲ್ಲಿ ಬೇರೂರಿದೆ. ಪಂದ್ಯದ ಪ್ಯಾಡು ನೂರಾರು ಡಿಗ್ರಿ ಕಾದಾಗ ಬಿಗಿಯಾಗಿ ಹಿಡಿಯುವಂತೆ ಮಾಡಿದ್ದು. ತಣ್ಣಗಿರುವಾಗ ಅದರ ಹಿಡಿತ ಮಂದ. ಪಂದ್ಯದ ಮೈದಾನದಲ್ಲಿ ಒಂದು ಸುತ್ತು ಹೊಡೆಯುವಷ್ಟರಲ್ಲಿ ಅದು ಕಾಯುತ್ತದೆ. ಬಾಗೇವಾಡಿಯ ಓಣಿಯಿಂದ ಬೆಳಗಿನ ಎಂಟು ಗಂಟೆಗೆ ಹೊರಟ ಅಧ್ಯಾಪಕಿಗೆ ಮೊದಲ ಬ್ರೇಕು ಬೇಕಾಗುವುದು ಮನೆಯಿಂದ ಐವತ್ತು ಮಾರು ದೂರದಲ್ಲಿ, ಓಣಿಯ ಹುಡುಗನ ಚೆಂಡು ಅಡ್ಡ ಉರುಳಿ ಬಂದಾಗ. ಅಷ್ಟರಲ್ಲಿ ಯಾವ ಪ್ಯಾಡು ಕಾದೀತು?

ಮತ್ತು ಆ ದಾರಿಯೂ ಎಂಥದು! ಘಟ್ಟವಿಲ್ಲ, ಇಳಿಜಾರಿಲ್ಲ, ಭೀಮೆಯಿಂದ ಕೃಷ್ಣೆಯವರೆಗೆ ಬಯಲು. ಬ್ರೇಕು ನಿರಂತರ ಕಾಯುವ ಸಂದರ್ಭ ಅಪರೂಪ. ಇಲ್ಲಿಯ ಅಪಾಯ ಬೇರೆ ಜಾತಿಯದು. ಸುಗ್ಗಿಯಲ್ಲಿ ಒಕ್ಕಲಿಗರು ಡಾಂಬರಿನ ಮೇಲೆಯೇ ಕಾಳಿನ ರಾಶಿಗೆಂದು ಬೆಳೆಯನ್ನು ಹರವುತ್ತಾರೆ. ಅದರ ಮೇಲೆ ಗಾಲಿ ಜಾರುತ್ತದೆ. ಕುರಿಮಂದೆ ರಸ್ತೆ ದಾಟಲು ತನ್ನದೇ ಮುಹೂರ್ತವಿಟ್ಟುಕೊಂಡಿರುತ್ತದೆ. ಆಲಮಟ್ಟಿಯ ಕಾಲುವೆ ನೀರು ಬಂದ ಮೇಲೆ ಕಬ್ಬು ಹೆಚ್ಚಿತು; ಕಬ್ಬು ಹೆಚ್ಚಿದ ಮೇಲೆ ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹೆಚ್ಚಿದುವು. ಮುಸ್ಸಂಜೆಯಲ್ಲಿ ಅವುಗಳ ಹಿಂಭಾಗಕ್ಕೆ ದೀಪವಿದ್ದರೆ ಪುಣ್ಯ. ಹಾಡು ಮಾತ್ರ ಎರಡು ಮೈಲಿಗೆ ಕೇಳಿಸುತ್ತದೆ. ಇಂಥ ದಾರಿಗೆ ಬೇಕಾದದ್ದು ತಣ್ಣಗಿರುವಾಗಲೇ ಮೊದಲ ತುಳಿತಕ್ಕೆ ಹಿಡಿಯುವ, ಪ್ರತಿಸಲವೂ ಒಂದೇ ತೆರನಾಗಿ ಹಿಡಿಯುವ, ಸಾಧಾರಣ ಪ್ಯಾಡು. ಕಂಪನಿಯವರು ಆ ಕಾರಿಗೆಂದೇ ಮೊದಲು ಕೊಟ್ಟ ದರ್ಜೆಯದು. ಅದಕ್ಕೆ ಜೊತೆಯಾಗಿ ರಂಧ್ರವೂ ಗೀರೂ ಇಲ್ಲದ ಸಾದಾ ಡಿಸ್ಕು. ಇಷ್ಟೆಲ್ಲ ವಿಚಾರಣೆ ನಡೆಸಿ ತಲುಪಿದ್ದು ಇಲ್ಲಿಗೆಯೇ ಎಂದು ವಕೀಲರಿಗೆ ಕೊಂಚ ಬೇಸರವಾಯಿತು. ಮಗಳನ್ನು ಫೋನಿನಲ್ಲಿ ಕೇಳಿದರು. "ಅಪ್ಪಾ, ನನಗ ಗತ್ತು ಬ್ಯಾಡ. ನಿಲ್ಲು ಅಂದಲ್ಲಿ ನಿಂತರ ಸಾಕು" ಎಂದಳು.

ಸಾಧಾರಣವಾದದ್ದನ್ನು ಹುಡುಕುವುದು ಸಾಧಾರಣ ಕೆಲಸವಲ್ಲ. ಪಾಲಿಯೋ ತಯಾರಾಗುವುದು ನಿಂತು ಹತ್ತು ವರ್ಷಕ್ಕೂ ಮೇಲಾಯಿತು. ಅಂಗಡಿಯವರು ಪುಸ್ತಕ ತೆಗೆದು "ಪಾಲಿಯೋ ಡಿಸ್ಕು ಇದೆ" ಎನ್ನುತ್ತಾರೆ. ಆದರೆ ಒಂದೇ ಹೆಸರಿನ ಕಾರಿನಲ್ಲಿ ಎಂಜಿನ್ನು ಬೇರೆಯಾದರೆ ಡಿಸ್ಕೂ ಬೇರೆಯಿರಬಹುದು. ಆದುದರಿಂದ ಮಿಸ್ತ್ರಿ ಹಳೆಯ ಡಿಸ್ಕನ್ನು ತೊಳೆದು ಗೋಣಿಚೀಲದಲ್ಲಿ ಕಟ್ಟಿಕೊಟ್ಟ: ಅಡ್ಡಗಲ, ಹೊಸದಿದ್ದಾಗಿನ ದಪ್ಪ, ಟೋಪಿಯಂತೆ ಎದ್ದ ನಡುಭಾಗದ ಎತ್ತರ, ನಡುಗಿಂಡಿಯ ಅಳತೆ, ಬೋಲ್ಟಿನ ತೂತುಗಳ ಸಂಖ್ಯೆ, ಈ ಐದೂ ಹೊಂದಿದ ಹೊರತು ಹಣ ಕೊಡಕೂಡದೆಂದು ಆಜ್ಞೆ. ಕಪ್ಪು ಕೋಟಿನ ವಕೀಲರು ಗೋಣಿಚೀಲ ಹೊತ್ತು ವಿಜಾಪುರದ ಅಂಗಡಿಗಳನ್ನು ಸುತ್ತಿದ್ದನ್ನು ಕಂಡ ಕಕ್ಷಿದಾರರು ಏನೆಂದುಕೊಂಡರೋ! ಅಲ್ಲಿ ದೊರೆತ ಒಂದು ಜೊತೆ ನಾಲ್ಕು ಅಳತೆಗೆ ಹೊಂದಿ ಐದನೆಯದಕ್ಕೆ ತಪ್ಪಿತು. ಅಂಗಡಿಯವನು "ಒಂದು ವಾಷರು ಹಾಕಿದರ ಆತು" ಎಂದ. ಬ್ರೇಕಿನಲ್ಲಿ "ಹಾಕಿದರಾಯಿತು" ಎಂಬ ಮಾತು ಬಂದಲ್ಲಿಂದ ಎದ್ದುಬರುವುದೇ ಕ್ಷೇಮ. ಸರಿಯಾದ ಜೊತೆ ಸಿಕ್ಕಿದ್ದು ಎರಡನೆಯ ವಾರ, ಸೊಲ್ಲಾಪುರದಲ್ಲಿ.

ಪ್ಯಾಡು ಕೊಳ್ಳುವಾಗ ವಕೀಲರು ಕನ್ನಡಕ ಏರಿಸಿ ಅದರ ಬೆನ್ನನ್ನೂ ಅಂಚನ್ನೂ ಓದಿದರು. ಅನೇಕ ಪ್ಯಾಡುಗಳ ಮೇಲೆ ತಯಾರಕರ ಗುರುತಿನ ಕೊನೆಗೆ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. ಮೊದಲನೆಯದು ಸಾಮಾನ್ಯ ಶಾಖದಲ್ಲಿ ಅದರ ಹಿಡಿತವನ್ನೂ ಎರಡನೆಯದು ಬಹಳ ಕಾದಾಗಿನ ಹಿಡಿತವನ್ನೂ ಸೂಚಿಸುತ್ತದೆ. ಘರ್ಷಣೆಯ ಪ್ರಮಾಣ 0.25ರಿಂದ 0.35ರವರೆಗಿದ್ದರೆ ಇ, 0.35ರಿಂದ 0.45ರವರೆಗಿದ್ದರೆ ಎಫ್, ಅದರ ಮೇಲೆ 0.55ರವರೆಗೆ ಜಿ. ಎರಡೂ ಎಫ್ ಆಗಿದ್ದರೆ ತಣ್ಣಗಿದ್ದರೂ ಕಾದರೂ ಗುಣ ಒಂದೇ ಎಂದರ್ಥ. ಎಫ್ ಆದ ಮೇಲೆ ಇ ಬಂದರೆ ಕಾದಾಗ ಕೈಬಿಡುವ ಸ್ವಭಾವ. ಅಕ್ಷರ ಮುಂದಿನದಾದಷ್ಟೂ ಉತ್ತಮವೆಂದೇನೂ ತಿಳಿಯಬಾರದು. ಎಷ್ಟು ಬೇಗ ಸವೆಯುವುದು, ಎಷ್ಟು ಕಿರುಚುವುದು ಎಂಬುದನ್ನು ಅದು ಹೇಳದು. ಬಜಾರಿನ ಅಗ್ಗದ ಪೆಟ್ಟಿಗೆಯ ಪ್ಯಾಡಿನ ಮೇಲೆ ಅಕ್ಷರವೂ ಇರಲಿಲ್ಲ, ತಯಾರಕರ ವಿಳಾಸವೂ ಇರಲಿಲ್ಲ. ವಿಳಾಸವಿಲ್ಲದ ಪ್ರತಿವಾದಿಯ ಮೇಲೆ ನೋಟೀಸು ಜಾರಿಯಾಗದೆಂಬುದನ್ನು ವಕೀಲರಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ.

ಜೋಡಿಸುವ ದಿನ ಮಗಳೂ ಸಿಂದಗಿಗೆ ಬಂದಿದ್ದಳು. ಡಿಸ್ಕು ಕೂರುವ ಹಬ್ಬಿನ ಮೇಲಿನ ತುಕ್ಕನ್ನು ಮಿಸ್ತ್ರಿ ತಂತಿಬ್ರಷ್ಷಿನಿಂದ ಅರ್ಧ ಗಂಟೆ ಉಜ್ಜಿದ. ಅಲ್ಲಿ ಒಂದು ಹಕ್ಕಳೆ ತುಕ್ಕು ಉಳಿದರೆ ಹೊಸ ಡಿಸ್ಕು ಓರೆಯಾಗಿ ಕೂತು ನಾಲ್ಕಾರು ತಿಂಗಳಲ್ಲಿ ಹಳೆಯ ನಡುಕವೇ ಮರಳುತ್ತದೆ. ಹೊಸ ಡಿಸ್ಕಿಗೆ ಬಳಿದಿದ್ದ ತುಕ್ಕುನಿವಾರಕ ಎಣ್ಣೆಯನ್ನು ಪೂರ್ತಿ ತೊಳೆದ. ಕ್ಯಾಲಿಪರು ಸರಿದಾಡುವ ಸಣ್ಣ ಪಿನ್ನುಗಳನ್ನು ತೆಗೆದು ತೋರಿಸಿದ: ಒಂದು ಸರಾಗ, ಇನ್ನೊಂದು ಒಣಗಿ ಬಿಗಿದಿತ್ತು. ಒಂದು ಪ್ಯಾಡು ಸವೆದು ಇನ್ನೊಂದು ಉಳಿದದ್ದರ ಗುಟ್ಟು ಅದೇ. ಅದಕ್ಕೆ ರಬ್ಬರಿಗೆ ಹಾನಿಮಾಡದ, ಬ್ರೇಕಿಗೆಂದೇ ಮಾಡಿದ ಗ್ರೀಸು. ಹಳೆಯ ಪ್ಯಾಡಿನ ಧೂಳನ್ನು ಊದಿ ಹಾರಿಸಲು ಹೋದ ಹುಡುಗನನ್ನು ಗದರಿಸಿ ಒದ್ದೆ ಬಟ್ಟೆಯಿಂದ ಒರೆಸಲು ಹೇಳಿದ; ಹಿಂದಿನ ಕಾಲದ ಪ್ಯಾಡುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಧೂಳು ಪುಪ್ಪುಸಕ್ಕೆ ವಿಷ. ಕೊನೆಗೆ ಬ್ರೇಕ್ ಆಯಿಲು. ಅದು ಗಾಳಿಯ ತೇವವನ್ನು ಹೀರುವ ವಸ್ತು. ಡಾಟ್ 4 ಎಂಬ ದರ್ಜೆಯದು ಹೊಸದಿದ್ದಾಗ 230 ಡಿಗ್ರಿಗಿಂತ ಕೆಳಗೆ ಕುದಿಯಕೂಡದು. ತೇವ ಹೀರಿದ ಮೇಲೆ ಅದರ ನಿಗದಿ 155ಕ್ಕೆ ಇಳಿಯುತ್ತದೆ. ಕುದಿದರೆ ಗುಳ್ಳೆ, ಗುಳ್ಳೆಯಾದರೆ ಪೆಡಲು ನೆಲಕ್ಕೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಇದನ್ನು ವಕೀಲರು ಎಂದು ಬದಲಿಸಿದ್ದರೆಂದು ಮಗಳು ಕೇಳಿದಳು. ಆಯಿಲಿನ ಬಣ್ಣ ಕಷಾಯದಂತಿತ್ತು, ಉತ್ತರ ಬೇಕಾಗಲಿಲ್ಲ.

ಹೊಸ ಪ್ಯಾಡೂ ಹೊಸ ಡಿಸ್ಕೂ ಹೊಸ ದಂಪತಿಗಳಂತೆ. ಹೊಂದಿಕೊಳ್ಳಲು ಸ್ವಲ್ಪ ಕಾಲ ಬೇಕು. ಮರುದಿನ ನಸುಕಿನಲ್ಲಿ, ದೇವರ ಹಿಪ್ಪರಗಿಯ ಕಡೆಯ ಹೆದ್ದಾರಿ ಬರಿದಾಗಿರುವಾಗ, ಅದಕ್ಕಾಗಿ ಹೊರಟರು. ಓಡಿಸಿದವಳು ಮಗಳು, ಹಿಂದೆ ಮಿಸ್ತ್ರಿ, ಪಕ್ಕದಲ್ಲಿ ವಕೀಲರು. ಇಪ್ಪತ್ತು ವರ್ಷಗಳಲ್ಲಿ ಅವರು ಆ ಗಾಡಿಯ ಎಡಗಡೆಯ ಆಸನದಲ್ಲಿ ಕುಳಿತದ್ದು ಅದೇ ಮೊದಲು. 50ರ ವೇಗಕ್ಕೆ ಏರಿಸಿ, ಹದವಾಗಿ ತುಳಿದು 10ಕ್ಕೆ ಇಳಿಸಬೇಕು. ಪೂರ್ತಿ ನಿಲ್ಲಿಸಕೂಡದು, ಕಾದ ಪ್ಯಾಡು ಒಂದೇ ಕಡೆ ಒತ್ತಿ ಕೂತರೆ ಡಿಸ್ಕಿಗೆ ಕಲೆ ಹತ್ತುತ್ತದೆ. ಮತ್ತೆ ಏರಿಸಬೇಕು. ಹೀಗೆ ಹತ್ತು ಸಲ. ಬಳಿಕ ಬ್ರೇಕು ಮುಟ್ಟದೆ ನಾಲ್ಕಾರು ಕಿಲೋಮೀಟರು ಓಡಿಸಿ ತಣಿಸಬೇಕು. ಮೊದಲ ಎರಡು ಸಲ ಮಗಳು ತುಳಿಯುವ ಮುನ್ನವೇ ವಕೀಲರ ಬಲಗಾಲು ತನ್ನ ಮುಂದಿನ ಬರಿಯ ನೆಲವನ್ನು ತುಳಿಯಿತು. "ಅಪ್ಪಾ, ನಿನ್ನ ಕಡೆ ಬ್ರೇಕಿಲ್ಲ" ಎಂದಳು ಅವಳು. ಆರನೆಯ ಸಲದ ಹೊತ್ತಿಗೆ ಪೆಡಲು ಗಟ್ಟಿಯಾಯಿತು. ನಡುಕವಿಲ್ಲ, ಎಡಕ್ಕೋ ಬಲಕ್ಕೋ ಎಳೆತವಿಲ್ಲ. ಮಿಸ್ತ್ರಿ ಹಿಂದಿನಿಂದ, "ಆತವ್ವ, ಈಗ ಹಿಡೀತು" ಎಂದ.

ಈಗ ಆ ಗಾಡಿ ದಿನವೂ ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ ಹೋಗಿಬರುತ್ತಿದೆ. ಕಬ್ಬಿನ ಹಂಗಾಮಿನಲ್ಲಿ ಒಂದು ಸಂಜೆ, ದೀಪವಿಲ್ಲದ ಟ್ರೇಲರೊಂದು ಗಾಲಿ ಒಡೆದು ರಸ್ತೆಯ ನಡುವೆ ನಿಂತಿತ್ತೆಂದೂ, ಅದಕ್ಕೆ ಆತು ಒಬ್ಬ ಹುಡುಗ ಜಾಕು ಏರಿಸುತ್ತ ಕುಳಿತಿದ್ದನೆಂದೂ ಮಗಳು ತಾಯಿಗೆ ಹೇಳಿದಳು, ತಂದೆಗೆ ಹೇಳಲಿಲ್ಲ. ತಾಯಿ ಅದನ್ನು ತಂದೆಗೆ ಹೇಳಿದ್ದು ವಾರದ ಮೇಲೆ. ಎಷ್ಟು ದೂರದಲ್ಲಿ ನಿಂತಿತು ಎಂದು ವಕೀಲರು ಕೇಳಿದರು. ಹುಡುಗ ಎದ್ದು ಬಂದು ಗಾಜಿನ ಹತ್ತಿರ "ಅಕ್ಕಾರ, ಟಾರ್ಚ್ ಐತೇನ್ರಿ?" ಎಂದು ಕೇಳುವಷ್ಟು ದೂರದಲ್ಲಿ ಎಂದರು ತಾಯಿ.

ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಮಾತ್ರ ಸಿಂದಗಿಗೆ ಫೋನು ಬಂದಿತು: ರಾತ್ರಿ ಮಳೆಯಲ್ಲಿ ನಿಂತ ಗಾಡಿಯ ಮೊದಲ ಬ್ರೇಕಿಗೆ ಕರಕರ ಸದ್ದು, ಡಿಸ್ಕಿನ ಮೇಲೆ ಕೆಂಪು ತುಕ್ಕು. "ಬೀಡಿನ ಜಾತೀನ ಹಂಗರಿ, ಅಕ್ಕಾರ. ಎರಡು ಸಲ ತುಳೀರಿ, ಹೋಗತದ" ಎಂದ ಮಿಸ್ತ್ರಿ. ಎರಡು ಸಲಕ್ಕೆ ಹೋಯಿತು.